ಕಾಫಿ ಚೆಲ್ಲುವ ಪಾಠ

ನಮ್ಮತ್ತೆಗೆ ಇಂಗ್ಲಿಷ್ ಬರುತ್ತದೆ. ಆದರೆ ಮಂಡಿಯೂರಿ ಕೂತಾಗ ಮಾತ್ರ. ಎದ್ದು ನಿಂತರೆ ಒಂದಕ್ಷರ ಬರುವುದಿಲ್ಲ.

ತಮಾಷೆಗೆ ಹೇಳುತ್ತಿಲ್ಲ. ಕೈಯಲ್ಲಿ ಒರೆಸುವ ಬಟ್ಟೆ ಇರಬೇಕು. ಮಂಡಿ ನೆಲಕ್ಕೆ ತಾಗಬೇಕು. ಆಗ ‘ಸಾರಿ ಸರ್’ ತಾನಾಗಿ ಬಾಯಿಂದ ಉದುರುತ್ತದೆ. ನಿಲ್ಲಿಸಿ ಕೇಳಿ, ಮಿಕಮಿಕ ನೋಡುತ್ತಾರೆ. ಇದು ಹೇಗಾಯಿತು ಅಂತ ಹೇಳುತ್ತೇನೆ. ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಅದಕ್ಕೇ ನನಗೆ ಕೆಲಸದ ಜಾಗದಲ್ಲಿ ಬಾಯಿಬಡುಕಿ ಎಂದು ಹೆಸರು.

ಅತ್ತೆ ಸೊಸೆ ಒಂದೇ ಮನೆಯಲ್ಲಿ ಬಾಳುವುದೇ ಕಷ್ಟ ಎನ್ನುತ್ತಾರೆ. ನಮಗೆ ಮನೆಯಲ್ಲಿ ಒಂದೇ ಒಲೆ, ಕೆಲಸದಲ್ಲಿ ಒಂದೇ ಮಹಡಿ. ಗಾಜಿನ ದೊಡ್ಡ ಕಟ್ಟಡ. ಒಳಗೆ ಹತ್ತಾರು ಆಫೀಸು. ಆಫೀಸಿನವರು ಬರುವ ಮುಂಚೆ ನೆಲ ಹೊಳೆಯಬೇಕು, ಅವರು ಬಂದ ಮೇಲೆ ನಾವು ಕಾಣಬಾರದು. ಮುಂದಿನ ಲಿಫ್ಟ್ ನಮಗಿಲ್ಲ. ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಬಕೆಟ್ಟು, ಕಸದ ಚೀಲದ ಜೊತೆ ನಾವೂ ಸಾಮಾನು. ಮಹಡಿಯ ಕಕ್ಕಸನ್ನು ನಾವೇ ತೊಳೆಯುತ್ತೇವೆ. ಅದಕ್ಕೆ ನಾವು ಹೋಗುವ ಹಾಗಿಲ್ಲ. ಅವಸರವಾದರೆ ನೆಲಮಾಳಿಗೆಗೆ ಇಳಿಯಬೇಕು. ಅಲ್ಲಿರುವುದು ಒಂದೇ, ಅದರ ಚಿಲಕವೂ ಮುರಿದಿದೆ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲಬೇಕು.

ಎಲ್ಲರಿಗೂ ಉದ್ದ ಕೋಲಿನ ಮಾಪ್ ಕೊಟ್ಟಿದ್ದಾರೆ. ಅತ್ತೆ ಅದನ್ನು ಮುಟ್ಟುವುದಿಲ್ಲ. “ಆ ಕೋಲು ನೆಲಾನ ನೆಕ್ಕುತ್ತೆ, ಒರೆಸಲ್ಲ” ಎನ್ನುತ್ತಾರೆ. ಬಟ್ಟೆ ಹಿಂಡಿಕೊಂಡು ಕೂತೇ ಬಿಡುತ್ತಾರೆ. ಕೂತೇ ಹಿಂದಕ್ಕೆ ಸರಿಯುತ್ತಾ ಆ ಉದ್ದದ ಓಣಿಯನ್ನು ಮುಗಿಸುತ್ತಾರೆ. ಕೂರುವುದು ಕಷ್ಟವಲ್ಲ, ಏಳುವುದೇ ಕಷ್ಟ. ಬಕೆಟ್ಟಿನ ಅಂಚು ಹಿಡಿದು, ಒಂದು ಮಂಡಿ ಎತ್ತಿ, ಉಸಿರು ಬಿಗಿ ಹಿಡಿದು, ಆಮೇಲೆ ಇನ್ನೊಂದು ಮಂಡಿ. ಏಳುವಾಗ ಯಾರೂ ನೋಡಬಾರದು. ನೋಡಿದರೆ ಬೈಗುಳ. ಫಿನೈಲಿಗೆ ಅವರ ಬೆರಳ ಸಂದು ಸೀಳಿ ಹೋಗಿದೆ. ಮನೆಯಲ್ಲಿ ಖಾರ ಕಲಸುವ ಕೆಲಸ ನನ್ನದು.

ಒಂದು ದಿನ ಯಾರೋ ಅತಿಥಿ ಅತ್ತೆಯನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದ. ಅತ್ತೆ ಮುಖ ಎತ್ತಿ ನಕ್ಕರು. ಗೊತ್ತಾಗದಿದ್ದಾಗ ಮನುಷ್ಯರು ಮಾಡುವುದೇ ಅದನ್ನು. ಅವನು ಹೋಗಿ ದೊಡ್ಡ ಮೇಡಂಗೆ ದೂರು ಕೊಟ್ಟ. ದೊಡ್ಡ ಮೇಡಂ ಎಂದರೆ ಇಡೀ ಕಟ್ಟಡದ ಉಸ್ತುವಾರಿ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

“ಮಾತಾಡ್ಸಿದ್ರೆ ನಗ್ತಾರಂತೆ! ಇದೇನು ನಾಟಕದ ಕಂಪನೀನಾ? ಇನ್ಮೇಲೆ ಎಲ್ರಿಗೂ ಇಂಗ್ಲಿಷ್ ಕ್ಲಾಸು. ಕೊನೇಲಿ ಪರೀಕ್ಷೆ. ನಾನೇ ಬಂದು ನೋಡ್ತೀನಿ. ಪಾಸಾದೋರು ಇರ್ತೀರಿ. ಫೇಲಾದೋರು ಮನೆಗೆ.”

ಕ್ಲಾಸು ಯಾವಾಗ? ನಮ್ಮ ಊಟದ ಅರ್ಧ ಗಂಟೆಯಲ್ಲಿ. ಮೇಡಂ ಊಟದ ಹೊತ್ತಿನಲ್ಲಿ ಮೇಡಂ ಊಟ ಮಾಡುತ್ತಾರೆ. ನಮ್ಮ ಊಟದ ಹೊತ್ತಿನಲ್ಲಿ ನಾವು ಉದ್ಧಾರವಾಗಬೇಕಂತೆ. ಡಬ್ಬಿಯನ್ನು ನಿಂತುಕೊಂಡೇ ನುಂಗಿ ಓಡಬೇಕು. ಹೊಟ್ಟೆ ಉರಿಯಿತು. ಉರಿದ ಹೊಟ್ಟೆಗೆ ಊಟವೂ ಇಲ್ಲ.

ಮನೆಗೆ ಎಂದದ್ದು ಅತ್ತೆಗೆ ನಾಟಿತು. ನನಗೆ ಗೊತ್ತು. ಮಾವ ತೀರಿಕೊಂಡ ದಿನದಿಂದ ಅತ್ತೆ ಮಗನ ಮುಂದೆ ಕೈ ಒಡ್ಡಿದವರಲ್ಲ. ಅವರ ಮಾತ್ರೆ, ಅವರ ಸೀರೆ, ಅವರ ಚಪ್ಪಲಿ ಅವರ ದುಡಿಮೆಯದು. ಮಗ ಎಂದರೆ ನನ್ನ ಗಂಡ, ವ್ಯಾನು ಓಡಿಸುತ್ತಾನೆ. ಕೆಟ್ಟವನಲ್ಲ. ಆದರೆ ಅವನ ಬಾಯಲ್ಲಿ ಒಂದು ಗಾದೆ ಯಾವಾಗಲೂ ಇರುತ್ತದೆ: ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು. ಅವನ ತಮ್ಮ ಕೆಲಸ ಬಿಟ್ಟು ನಮ್ಮ ಮನೆಯಲ್ಲಿ ಕೂತಾಗ ಅದನ್ನು ಊಟಕ್ಕೊಂದು ಸಲ ಬಡಿಸಿದ. ತಮ್ಮ ಎದ್ದು ಹೋದ. ಅತ್ತೆ ಅದನ್ನು ನೋಡಿದ್ದಾರೆ.

“ಲೇ, ಈ ವಯಸ್ಸಿಗೆ ನನ್ನ ನಾಲಿಗೆ ತಿರುಗುತ್ತೇನೇ?” ಎಂದರು ಅವತ್ತು ದಾರಿಯಲ್ಲಿ.

“ನನ್ನ ಬೈಯೋವಾಗ ಚೆನ್ನಾಗೇ ತಿರುಗುತ್ತಲ್ಲ ಅತ್ತೆ” ಎಂದೆ.

“ಅದಕ್ಕೆ ಅಭ್ಯಾಸ ಇದೆ.”

ಪಾಠಕ್ಕೆ ಬಂದವರು ಟೈ ಮೇಷ್ಟ್ರು. ಎಳೆ ಮುಖ, ಇಸ್ತ್ರಿ ಅಂಗಿ. ಟೈಗೆ ಗಂಟು ಹಾಕುವುದಿಲ್ಲ. ಗಂಟು ಹಾಕಿಯೇ ಹೊಲಿದ ಟೈ, ಹಿಂದೆ ಎಲಾಸ್ಟಿಕ್ಕು. ಬಾಗಿಲ ಹೊರಗೆ ನಿಂತು ಜೇಬಿನಿಂದ ತೆಗೆದು ಕೊರಳಿಗೆ ಸಿಕ್ಕಿಸಿಕೊಳ್ಳುವುದನ್ನು ನಮ್ಮ ಗಾಜಿನಕ್ಕ ಮೊದಲ ದಿನವೇ ನೋಡಿಬಿಟ್ಟಳು. ಗಾಜಿನಕ್ಕ ಎಂದರೆ ಕಟ್ಟಡದ ಗಾಜು ಒರೆಸುವವಳು. ಗಾಜಿನ ಆಚೆ ನಡೆಯುವುದೆಲ್ಲ ಅವಳಿಗೆ ಗೊತ್ತು, ಅವಳು ಆಚೆಯವರ ಕಣ್ಣಿಗೆ ಬೀಳುವುದಿಲ್ಲ.

ಮೇಷ್ಟ್ರು ಕೆಟ್ಟವರಲ್ಲ. ನಮ್ಮನ್ನು ‘ನೀವು’ ಎನ್ನುತ್ತಿದ್ದರು. ಆ ಕಟ್ಟಡದಲ್ಲಿ ಹಾಗೆ ಅಂದವರು ಅವರೊಬ್ಬರೇ. ಅದೇ ಮಾತು ಮೊದಲ ಪಾಠದಲ್ಲಿ ಬಂತು.

“ಇಂಗ್ಲಿಷಲ್ಲಿ ನೀನು ಅನ್ನೋದಕ್ಕೂ ನೀವು ಅನ್ನೋದಕ್ಕೂ ಒಂದೇ ಮಾತು. ಯೂ. ಚಿಕ್ಕೋರು ದೊಡ್ಡೋರು ಭೇದ ಇಲ್ಲ.”

ಅತ್ತೆಗೆ ಭಾಷೆ ಒಮ್ಮೆಲೇ ಹಿಡಿಸಿತು. “ದೊಡ್ಡ ಮೇಡಂಗೂ ಯೂ, ನಂಗೂ ಯೂನಾ?”

“ಹೌದಮ್ಮ.” ಮೇಷ್ಟ್ರು ಸ್ವಲ್ಪ ತಡವರಿಸಿದರು. “ಆದ್ರೆ ನೀವು ಹೇಳೋವಾಗ ಕೊನೇಲಿ ಮೇಡಂ ಅಂತ ಸೇರಿಸ್ಬೇಕು. ಅವರು ಹೇಳೋವಾಗ ಏನೂ ಸೇರಿಸಲ್ಲ.”

“ಅಷ್ಟೇನಾ” ಎಂದರು ಅತ್ತೆ. ಹಿಡಿಸಿದ್ದು ಅಲ್ಲಿಗೇ ಬಿಟ್ಟಿತು.

ಇನ್ನೊಂದು ದಿನ ಕಾಲಗಳ ಪಾಠ. ದಿನಾ ಮಾಡುವ ಕೆಲಸವನ್ನು ಹೇಳುವ ಬಗೆಗೆ ಸಿಂಪಲ್ ಎಂದು ಹೆಸರು. ಐ ಕ್ಲೀನ್. ಯೂ ಕ್ಲೀನ್. ಶೀ ಕ್ಲೀನ್ಸ್.

“ಸಿಂಪಲ್ ಅಂದ್ರೇನು ಮೇಷ್ಟ್ರೇ?” ಎಂದೆ.

“ಸರಳ. ಸುಲಭ.”

“ದಿನಾ ಕ್ಲೀನ್ ಮಾಡೋದು ಸುಲಭ ಅಂತ ಹೆಸರಿಟ್ಟೋನು ಗಂಡಸೇ ಇರ್ಬೇಕು” ಎಂದಳು ಗಾಜಿನಕ್ಕ. ಎಲ್ಲರೂ ನಕ್ಕೆವು. ಮೇಷ್ಟ್ರು ಟೈ ಸರಿಮಾಡಿಕೊಂಡರು.

ನುಡಿಗಟ್ಟುಗಳ ದಿನವಂತೂ ಹಬ್ಬ. ಜೋರು ಮಳೆ ಬಂದರೆ ಇಂಗ್ಲಿಷಿನವರು ಬೆಕ್ಕು ನಾಯಿ ಸುರಿಯುತ್ತಿವೆ ಎನ್ನುತ್ತಾರಂತೆ. “ಅಯ್ಯೋ ಸಿವನೇ” ಎಂದರು ಅತ್ತೆ, “ಅದನ್ನ ಗುಡಿಸೋರು ಯಾರು?” ತುಂಬಾ ಸುಲಭದ ಕೆಲಸಕ್ಕೆ ಪೀಸ್ ಆಫ್ ಕೇಕ್ ಎನ್ನಬೇಕಂತೆ. ಕೇಕಿನ ತುಂಡು. ನಮಗೆ ನಗು ಬರಲಿಲ್ಲ. ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬವಾದರೆ ಕೇಕನ್ನು ಬಾಯಿಗಿಂತ ಹೆಚ್ಚು ಮುಖಕ್ಕೆ ಮೆತ್ತುತ್ತಾರೆ. ಮುಖದಿಂದ ಕಾರ್ಪೆಟ್ಟಿಗೆ ಬೀಳುತ್ತದೆ. ಮೇಲೆ ನಡೆದಾಡುತ್ತಾರೆ. ಆ ಬೆಣ್ಣೆ ಬಣ್ಣವನ್ನು ಎಳೆ ಎಳೆಯಾಗಿ ಉಗುರಿನಿಂದ ಕೆರೆದು ತೆಗೆಯಬೇಕು. ಅದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಪಾಪ, ಪುಸ್ತಕ ನೋಡಿದರು. “ಪುಸ್ತಕದಲ್ಲಿ ಸುಲಭ ಅಂತಾನೇ ಇದೆ” ಎಂದರು.

ಇಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಊಟ ಹೋದರೂ ನಗುವಾದರೂ ಸಿಕ್ಕಿತು ಎಂದುಕೊಳ್ಳುತ್ತಿದ್ದೆ. ಮೇಡಂ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದರು. “ಬೆಕ್ಕು ನಾಯಿ ಎಲ್ಲ ಯಾಕೆ? ಇವ್ರಿಗೆ ಬೇಕಾದ್ದನ್ನ ಕಲಿಸಿ. ಪ್ರಾಕ್ಟಿಕಲ್ ಮಾಡ್ಸಿ” ಎಂದು ಹೇಳಿ ಹೋದರು.

ಮರುದಿನ ಮೇಷ್ಟ್ರು ಒಂದು ಲೋಟ ಕಾಫಿ ಹಿಡಿದು ಬಂದರು. ಕುಡಿಯಲಿಕ್ಕೆ ಎಂದುಕೊಂಡೆವು.

“ಈಗ ನಾನು ಅತಿಥಿ. ನೀವು ನೀವೇ” ಎಂದರು. ಲೋಟವನ್ನು ಓರೆ ಮಾಡಿದರು. ಕಾಫಿ ನೆಲಕ್ಕೆ ಬಿತ್ತು.

ಅದು ನಾವು ಬೆಳಿಗ್ಗೆ ಒರೆಸಿದ ನೆಲ.

“ಈಗ ಏನ್ಮಾಡ್ಬೇಕು? ತಕ್ಷಣ ಓಡಿ ಬರ್ಬೇಕು. ಮಂಡಿ ಊರ್ಬೇಕು. ಸಾರಿ ಸರ್ ಅನ್ಬೇಕು. ಒರೆಸ್ತಾ ನೋ ಪ್ರಾಬ್ಲಂ ಸರ್. ಒರೆಸಿ ಆದ್ಮೇಲೆ ಮೈ ಪ್ಲೆಷರ್ ಸರ್.”

“ಚೆಲ್ಲಿದ್ದು ನೀವು” ಎಂದರು ಅತ್ತೆ. “ಸಾರಿ ನಾವ್ಯಾಕೆ?”

“ಅದು ಮರ್ಯಾದೆಗೆ ಅಮ್ಮ.”

“ಯಾರ ಮರ್ಯಾದೆಗೆ?”

ಮೇಷ್ಟ್ರು ಮೈ ಪ್ಲೆಷರ್ ಎಂಬುದರ ಅರ್ಥ ಹೇಳಿದರು. ಒರೆಸಿದ್ದು ನನ್ನ ಸಂತೋಷ ಎಂದರ್ಥ.

“ನಂಗೆ ಸಂತೋಷ ಆದ್ರೆ ನಂಗೇ ಗೊತ್ತಾಗಲ್ವೇನಪ್ಪ?” ಎಂದರು ಅತ್ತೆ. ಗಾಜಿನಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಎಂದು ಗಾದೆ. ನನ್ನತ್ತೆಯ ಎದುರಿಗೇ ನಾನು ಅದನ್ನು ಎಷ್ಟೋ ಸಲ ಅಂದಿದ್ದೇನೆ. ಆದರೆ ಈ ಕಟ್ಟಡಕ್ಕೆ ಬಂದ ಮೇಲೆ ತಿಳಿಯಿತು, ನನ್ನತ್ತೆ ಬರೀ ಮನೆಯ ಅತ್ತೆ. ನಿಜವಾದ ಅತ್ತೆಯರು ಬೇರೆ ಇದ್ದಾರೆ. ಅವರು ಚೆಲ್ಲಿದ ಕಾಫಿಗೆ ಸಾರಿ ಕೇಳಬೇಕಾದವಳು ನನ್ನತ್ತೆ. ಮೇಷ್ಟ್ರ ಪುಸ್ತಕದಲ್ಲಿ ಅದಕ್ಕೂ ಒಂದು ವ್ಯಾಕರಣವಿತ್ತು. ಕಾಫಿಯು ಚೆಲ್ಲಲ್ಪಟ್ಟಿತು. ಯಾರಿಂದ ಎಂದು ಹೇಳಬೇಕಾದ್ದಿಲ್ಲ. ದೊಡ್ಡವರ ಕೈಲಿ ಏನಾದರೂ ಆದಾಗ ಹೀಗೆಯೇ ಬರೆಯುತ್ತಾರಂತೆ.

ದಿನಾ ಒಬ್ಬೊಬ್ಬರ ಸರದಿ. ಮೇಷ್ಟ್ರು ಚೆಲ್ಲುವುದು, ನಾವು ಬಗ್ಗುವುದು. ಮೊದಮೊದಲು ಯಾರಿಗೂ ಮಾತು ನೆನಪಿರುತ್ತಿರಲಿಲ್ಲ. ಅದಕ್ಕೆ ನಾವೇ ಒಂದು ಏರ್ಪಾಡು ಮಾಡಿಕೊಂಡೆವು. ಬಗ್ಗಿದವಳ ಮಂಡಿ ನೆಲಕ್ಕೆ ತಾಗಿದ ತಕ್ಷಣ ಉಳಿದವರೆಲ್ಲ ಹಿಂದಿನಿಂದ ರಾಗವಾಗಿ ಹೇಳಿಕೊಡುವುದು. “ಸಾರಿ ಸರ್! ನೋ ಪ್ರಾಬ್ಲಂ ಸರ್! ಮೈ ಪ್ಲೆಷರ್ ಸರ್!” ಮಗ್ಗಿ ಹೇಳಿದ ಹಾಗೆ. ಅದು ಎಷ್ಟು ಅಭ್ಯಾಸವಾಯಿತೆಂದರೆ, ಮಹಡಿಯಲ್ಲಿ ಯಾರಾದರೂ ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದರೂ ನಮ್ಮ ಬಾಯಿ ಶುರುವಾಗುತ್ತಿತ್ತು. ಒಮ್ಮೆ ನೆಲಮಾಳಿಗೆಯಲ್ಲಿ ಪ್ಲಂಬರಣ್ಣ ನಲ್ಲಿಯ ಕೆಳಗೆ ಮಂಡಿಯೂರಿ ಕೂತ. ಹಿಂದಿನಿಂದ ನಾವು ಹಾಡಿದೆವು. ಅವನು ತಲೆ ಎತ್ತಿ ಬೇಸಿನ್ನಿಗೆ ಡಿಕ್ಕಿ ಹೊಡೆದುಕೊಂಡ.

ಅತ್ತೆ ಎಲ್ಲರಿಗಿಂತ ಹಿಂದಿದ್ದವರು ಈ ಪಾಠದಲ್ಲಿ ಎಲ್ಲರನ್ನೂ ದಾಟಿದರು. ಬಟ್ಟೆ ಹಿಡಿದು ಕೂತರೆ ಸಾಕು, ಮೂರು ಮಾತೂ ಸರಾಗ. ಕಷ್ಟ ಏನೆಂದರೆ ನಿಂತರೆ ಇಲ್ಲ. ಮನೆಯಲ್ಲಿ ನಾನು ಹೇಳಿಸಿ ನೋಡಿದೆ.

“ಹೇಳಿ ಅತ್ತೆ, ಸಾರಿ ಸರ್.”

ಗೋಡೆ ನೋಡಿದರು. ಸೂರು ನೋಡಿದರು. “ಬಟ್ಟೆ ಕೊಡೇ” ಎಂದರು. ಕೊಟ್ಟೆ. ಕೂತರು. ಬಂತು.

ರಾತ್ರಿ ಅಡಿಗೆಮನೆ ಒರೆಸುವಾಗಲೂ ಬಂತು. ಊಟಕ್ಕೆ ಕೂತಿದ್ದ ನನ್ನ ಗಂಡ ಸುತ್ತ ನೋಡಿದ. “ಯಾರಮ್ಮ ಸರ್ರು?” ಎಂದ. ನಾನು ನಕ್ಕೆ. ಅತ್ತೆ ನಗಲಿಲ್ಲ. ಒರೆಸುವುದನ್ನು ನಿಲ್ಲಿಸಿ ಆ ಬಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಇದ್ದ ನಾಲಿಗೆಯನ್ನು ಕಿತ್ತು ಮಂಡಿಯೊಳಗೆ ಇಟ್ಟಿದ್ದಾರೆ ಈ ಜನ ಎಂದು ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇದೆ.

ಪರೀಕ್ಷೆಯ ದಿನ ಅತ್ತೆಯ ಮಂಡಿ ಊದಿತ್ತು. ಆದರೂ ಮೀಟಿಂಗ್ ಹಾಲನ್ನು ಅವರೇ ಒರೆಸಿದರು. ಪರೀಕ್ಷೆ ಅಲ್ಲೇ ಅಲ್ಲವೇ. ಉದ್ದನೆ ಮೇಜು, ಒಂದು ಬದಿಗೆ ಬಿಳಿಯ ಕಾರ್ಪೆಟ್ಟು. ಮೇಡಂ ಕಾರ್ಪೆಟ್ಟಿನ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ನಾವು ಗೋಡೆಗೆ ಸಾಲಾಗಿ ನಿಂತೆವು. ಪ್ರತಿಯೊಬ್ಬರ ಕೈಯಲ್ಲಿ ಒಂದೊಂದು ಬಟ್ಟೆ. ಮೇಜಿನ ಮೇಲೆ ಕಾಫಿಯ ಫ್ಲಾಸ್ಕು. ಪರೀಕ್ಷೆಗೆಂದೇ ಮಾಡಿಸಿದ ಕಾಫಿ. ನಮ್ಮಲ್ಲಿ ಬೆಳಿಗ್ಗೆ ಕಾಫಿ ಕುಡಿದು ಬಂದವರು ಎಷ್ಟು ಜನವೋ ಗೊತ್ತಿಲ್ಲ.

ಮೇಷ್ಟ್ರ ಹಣೆ ಬೆವೆತಿತ್ತು. ನಾವು ಫೇಲಾದರೆ ಅವರೂ ಫೇಲು. ಮೊದಲು ಅತ್ತೆಯನ್ನು ಕರೆದರು. ದೂರು ಬಂದದ್ದು ಅವರ ಮೇಲೆ ತಾನೇ.

ಮೇಷ್ಟ್ರು ಚೆಲ್ಲಿದರು. ಅತ್ತೆ ಬಂದರು. ಊದಿದ ಮಂಡಿಯನ್ನು ಮೊದಲು ಊರಿದರು, ಆಮೇಲೆ ಇನ್ನೊಂದು. “ಸಾರಿ ಸರ್.” ಒರೆಸಿದರು. “ನೋ ಪ್ರಾಬ್ಲಂ ಸರ್.” ಒರೆಸಿ ಮುಗಿಸಿದರು. “ಮೈ ಪ್ಲೆಷರ್ ಸರ್.” ನಾವು ಯಾರೂ ಹೇಳಿಕೊಡಲಿಲ್ಲ. ಒಂದು ತಪ್ಪಿಲ್ಲ, ಒಂದು ತೊದಲಿಲ್ಲ. ಅಲ್ಲಿ ಬಕೆಟ್ಟೂ ಇರಲಿಲ್ಲ. ನೆಲಕ್ಕೆ ಅಂಗೈ ಊರಿ, ಹಲ್ಲು ಕಚ್ಚಿ ಎದ್ದರು. ನನಗೆ ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. ಹತ್ತೆಂಟು ವರ್ಷ ಜಗಳವಾಡಿದ ಅತ್ತೆಯ ಮೇಲೆ ಅಷ್ಟು ಪ್ರೀತಿ ಬಂದದ್ದು ಅವತ್ತೇ.

ಮೇಡಂ ಫೋನ್ ನೋಡುತ್ತಿದ್ದರು.

ಬೆರಳಿನಲ್ಲಿ ಏನೋ ಒತ್ತಿ, ಕೆಳಗಿಟ್ಟು, ತಲೆ ಎತ್ತಿದರು. “ಆಯ್ತಾ? ನಾನು ನೋಡ್ಲಿಲ್ಲ. ಇನ್ನೊಂದ್ಸಲ ಮಾಡ್ಸಿ.”

ಮೇಷ್ಟ್ರು ಅತ್ತೆಯ ಮುಖ ನೋಡಿದರು. ಮೇಡಂ ಮುಖ ನೋಡಿದರು. ಫ್ಲಾಸ್ಕಿನಿಂದ ಮತ್ತೆ ಲೋಟಕ್ಕೆ ಸುರಿದರು. ಅವಸರಕ್ಕೆ ಲೋಟ ಪೂರ್ತಿ ಬಗ್ಗಿತು. ಈ ಸಲ ಚೆಲ್ಲಿದ್ದು ಅರ್ಧವಲ್ಲ, ಇಡೀ ಲೋಟ.

ಅತ್ತೆ ನಿಂತಿದ್ದರು.

“ಅಮ್ಮಾ” ಎಂದರು ಮೇಷ್ಟ್ರು ಮೆಲ್ಲಗೆ.

ಅತ್ತೆ ನಿಂತೇ ಇದ್ದರು. ಅವರ ಬಾಯಲ್ಲಿ ಇಂಗ್ಲಿಷ್ ಇಲ್ಲ ಎಂದು ನನಗೆ ಗೊತ್ತು. ಬಗ್ಗಿದರೆ ಬರುತ್ತದೆ. ಬಗ್ಗಿದರೆ ಕೆಲಸವೂ ಉಳಿಯುತ್ತದೆ. ಬಗ್ಗಿಬಿಡಿ ಅತ್ತೆ ಎಂದು ನನ್ನ ಒಂದು ಮನಸ್ಸು ಅರಚಿತು. ಸುಳ್ಳು ಹೇಳುವುದಿಲ್ಲ.

“ಏನು, ಕಿವಿ ಕೇಳ್ಸಲ್ವಾ?” ಎಂದರು ಮೇಡಂ. “ನಿನಗೇ ಹೇಳ್ತಿರೋದು.”

“ಕೇಳ್ಸುತ್ತೆ ಮೇಡಂ” ಎಂದರು ಅತ್ತೆ. “ನಾನು ಮಾಡಿದ್ದಾಯ್ತು. ಹೇಳಿದ್ದಾಯ್ತು. ನೋಡೋದು ನಿಮ್ಮ ಕೆಲಸ ಆಗಿತ್ತು. ನೀವು ಮಾಡ್ಲಿಲ್ಲ.”

“ಇನ್ನೊಂದ್ಸಲ ಮಾಡೋಕೇನು ರೋಗ?”

“ಮಂಡಿ ನೋವು. ರೋಗದ ಹೆಸರು ಅಷ್ಟೇ.” ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಮೇಷ್ಟ್ರ ಕಡೆ ಚಾಚಿದರು. “ಚೆಲ್ಲಿದೋರು ನೀವು. ತಗೊಳ್ಳಿ.”

ನೆಲದ ಮೇಲೆ ಕಾಫಿ ಸುಮ್ಮನೆ ನಿಂತಿರಲಿಲ್ಲ. ಅದಕ್ಕೆ ಕ್ಲಾಸೂ ಇಲ್ಲ, ಪರೀಕ್ಷೆಯೂ ಇಲ್ಲ. ಕಾರ್ಪೆಟ್ಟಿನ ಕಡೆಗೆ ಹರಿಯುತ್ತಿತ್ತು. ಬಿಳಿ ಕಾರ್ಪೆಟ್ಟಿನ ತುದಿಯಲ್ಲಿ ಮೇಡಂ ಪಾದ. ಅದನ್ನು ನೋಡಿದ್ದೇ ಮೇಷ್ಟ್ರಿಗೆ ಜೀವ ಹಾರಿತು. ಬಟ್ಟೆ ಕಿತ್ತುಕೊಂಡರು. ಧಡಕ್ಕನೆ ಮಂಡಿಯೂರಿದರು. ಟೈಯ ತುದಿ ಕಾಫಿಯಲ್ಲಿ ಅದ್ದಿತು.

ಮಂಡಿ ನೆಲಕ್ಕೆ ತಾಗಿತಲ್ಲ. ದೇವರಾಣೆ, ನಾವು ಬೇಕೆಂದು ಮಾಡಿದ್ದಲ್ಲ. ಅಭ್ಯಾಸ. ಇಡೀ ಸಾಲು ಒಂದೇ ದನಿಯಲ್ಲಿ ರಾಗ ಎಳೆಯಿತು.

“ಸಾರಿ ಸರ್! ನೋ ಪ್ರಾಬ್ಲಂ ಸರ್! ಮೈ ಪ್ಲೆಷರ್ ಸರ್!”

ಇಡೀ ಮೀಟಿಂಗ್ ಹಾಲ್ ಗುಂಯ್ ಎಂದಿತು. ಆಮೇಲೆ ಗಾಜಿನಕ್ಕ ನಕ್ಕಳು. ಅವಳ ನಗು ಅಂಟುರೋಗ. ಒಬ್ಬೊಬ್ಬರಾಗಿ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನೆಲದಲ್ಲಿ ಒರೆಸುತ್ತಿದ್ದ ಮೇಷ್ಟ್ರ ಬೆನ್ನೂ ಅಲುಗುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ನಗದೆ ಇದ್ದವರು ಇಬ್ಬರೇ. ಒಬ್ಬರು ಮೇಡಂ, ಇನ್ನೊಬ್ಬರು ಅತ್ತೆ.

ಮೇಷ್ಟ್ರು ಒರೆಸಿ ಮುಗಿಸಿದರು. ಏಳಲು ಹೋದಾಗ ಒದ್ದೆ ನೆಲದಲ್ಲಿ ಬೂಟು ಜಾರಿತು. ಅತ್ತೆ ಕೈ ಚಾಚಿದರು.

“ಹಿಡ್ಕೊಳಪ್ಪ. ಕೂರೋದು ಸುಲಭ, ಏಳೋದು ಕಷ್ಟ.”

ಮೇಷ್ಟ್ರು ಆ ಸೀಳು ಬಿದ್ದ ಕೈ ಹಿಡಿದು ಎದ್ದರು. ಇಷ್ಟು ವರ್ಷ ಅತ್ತೆ ಏಳುವಾಗ ಆ ಕಟ್ಟಡದಲ್ಲಿ ಯಾರೂ ಕೈ ಕೊಟ್ಟಿರಲಿಲ್ಲ. ಬಕೆಟ್ಟು ಕೊಟ್ಟಿತ್ತು, ಅಷ್ಟೇ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

“ಸಾಕು ನಾಟಕ” ಎಂದರು ಮೇಡಂ. ಅತ್ತೆಯ ಕಡೆ ಬೆರಳು ತೋರಿಸಿದರು. “ನೀನು ಫೇಲ್. ನಾಳೆಯಿಂದ ಬರ್ಬೇಡ. ನೆಕ್ಸ್ಟ್.”

ನೆಕ್ಸ್ಟ್ ನಾನೇ. ನಗು ಎಲ್ಲೋ ಹೋಯಿತು. ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಕಲಿತವಳು ನಾನು. ಮೂರಲ್ಲ, ಮೂವತ್ತು ವಾಕ್ಯ ನಿಂತುಕೊಂಡೇ ಹೇಳಬಲ್ಲೆ. ಬಗ್ಗಿ ಒರೆಸಿದರೆ ನಮ್ಮಿಬ್ಬರಲ್ಲಿ ಒಂದು ಸಂಬಳವಾದರೂ ಉಳಿಯುತ್ತದೆ. ಮೇಷ್ಟ್ರು ಲೋಟ ತುಂಬಿಸಿ ಕೈಗೆತ್ತಿಕೊಂಡರು. ಟೈಯಿಂದ ಕಾಫಿ ತೊಟ್ಟಿಕ್ಕುತ್ತಿತ್ತು. ಅವರು ಚೆಲ್ಲಲಿಲ್ಲ. ಲೋಟ ಹಿಡಿದು ಸುಮ್ಮನೆ ನಿಂತರು.

“ಇವರಿಗೇನಾಗಿದೆ? ಕೊಡಿ ಇಲ್ಲಿ” ಎಂದು ಮೇಡಂ ತಾವೇ ಎದ್ದು ಬಂದು ಲೋಟ ಕಸಿದು ಚೆಲ್ಲಿದರು. “ಹ್ಞೂಂ. ಮಾಡು.”

ನೆಲದ ಕಾಫಿ ನೋಡಿದೆ, ಅತ್ತೆಯನ್ನು ನೋಡಿದೆ. ಬಗ್ಗಲಿಲ್ಲ.

“ನಾನು ಬಗ್ಗಲ್ಲ ಮೇಡಂ.”

“ಇಂಗ್ಲಿಷಲ್ಲಿ ಮಾತಾಡು! ಇದು ಇಂಗ್ಲಿಷ್ ಪರೀಕ್ಷೆ.”

“ಇದನ್ನ ನೀವು ಇಂಗ್ಲಿಷಲ್ಲಿ ಕಲಿಸಿಲ್ಲ” ಎಂದೆ. “ಕಲಿಸಿದ್ರೆ ಅದ್ರಲ್ಲೇ ಹೇಳ್ತಿದ್ದೆ.”

ಗಾಜಿನಕ್ಕ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. “ನಂದೂ ಅದೇ ಮೇಡಂ. ನನ್ನ ಬೇರೆಯಾಗಿ ಕರೀಬೇಡಿ, ಕಾಫಿ ದಂಡ.” ಆಮೇಲೆ ಒಬ್ಬೊಬ್ಬರೂ ತಮ್ಮ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟರು. ಹೊಳೆಯುವ ಮೇಜಿನ ಮೇಲೆ ನೆಲ ಒರೆಸುವ ಬಟ್ಟೆಗಳ ಸಾಲು. ಮೇಡಂ ಅದನ್ನು ನೋಡಿ ಮೂಗು ಮುಚ್ಚಿಕೊಂಡರು.

“ಎಲ್ರೂ ಫೇಲ್” ಎಂದು ಹೇಳಿ ಹೊರಟರು. ಬಾಗಿಲ ತನಕ ಅವರ ಚಪ್ಪಲಿಯ ಕಾಫಿ ಗುರುತು ಮೂಡುತ್ತಾ ಹೋಯಿತು. ಅದನ್ನು ಯಾರೂ ಒರೆಸಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಒಂದೇ ಸಮ ಬೈದರು. ಮೇಡಂಗಲ್ಲ, ನನಗೆ.

“ನಾನು ಮುದುಕಿ, ಹೋದ್ರೆ ಹೋಯ್ತು. ನಿಂಗೇನಾಗಿತ್ತೇ ಬಾಯಿಬಡುಕಿ? ಬಗ್ಗೋಕೆ ನಿನ್ನ ಮಂಡಿ ನೆಟ್ಟಗಿಲ್ವಾ?”

“ನಿಮ್ಮ ಸೊಸೆ ಅಲ್ವಾ ಅತ್ತೆ. ಮನೇಲೇ ನಿಮಗೆ ಬಗ್ಗಿಲ್ಲ, ಅವರಿಗೆ ಬಗ್ತೀನಾ?”

“ಅದೂ ನಿಜ” ಎಂದರು. ಆಮೇಲೆ ನನ್ನ ತೋಳು ಹಿಡಿದುಕೊಂಡರು. ಮಂಡಿಗೆ ಆಸರೆ ಎಂದರು. ನಾನು ನಂಬಿದ ಹಾಗೆ ಮಾಡಿದೆ.

ನನ್ನ ಗಂಡನಿಗೆ ಊಟ ಬಡಿಸುತ್ತಾ ವಿಷಯ ಹೇಳಿದೆ. ಅವನು ತುತ್ತು ಕೈಯಲ್ಲೇ ಹಿಡಿದು “ಇಬ್ರೂ ಒಟ್ಟಿಗೇನಾ?” ಎಂದ. ಗಾದೆ ಬರುತ್ತದೆ ಎಂದು ಕಾದೆ. ಅತ್ತೆಯೂ ಕಾದರು, ತಟ್ಟೆ ಮುಟ್ಟದೆ. ಅವನು ಅಮ್ಮನ ಮಂಡಿ ನೋಡಿದ. ಎದ್ದು ಹೋಗಿ ಬಿಸಿನೀರಿಗೆ ಇಟ್ಟ. ಗಾದೆ ಬರಲಿಲ್ಲ.

ಬೆಳಿಗ್ಗೆ ನಾವಿಬ್ಬರೂ ಎಂದಿನ ಹೊತ್ತಿಗೇ ಹೊರಟೆವು. ಬರಬೇಡ ಎಂದವರ ಮನೆಗೆ ಹೋಗುವುದು ನಾಚಿಕೆ, ಆದರೆ ಅದು ಅವರ ಮನೆಯಲ್ಲವಲ್ಲ. ಗೇಟಿನ ಹತ್ತಿರ ಗಾಜಿನಕ್ಕ ನಿಂತಿದ್ದಳು. ಉಳಿದವರೂ ಇದ್ದರು. ಯಾರೂ ಯಾರಿಗೂ ಹೇಳಿರಲಿಲ್ಲ. ಅತ್ತೆಯನ್ನು ನಡುವೆ ನಿಲ್ಲಿಸಿಕೊಂಡು ಗೇಟಿನವನ ಮುಂದೆ ನಿಂತೆವು. ಬಿಟ್ಟರೆ ಎಲ್ಲರನ್ನೂ ಬಿಡಬೇಕು, ಇಲ್ಲವಾದರೆ ಒಬ್ಬರೂ ಹೋಗುವುದಿಲ್ಲ ಎಂದೆವು. ಗೇಟಿನವನು ಒಳಗೆ ಫೋನ್ ಮಾಡಿದ. ಒಳಗಿನವರು ಇನ್ನೊಬ್ಬರಿಗೆ ಮಾಡಿದರು. ಅಷ್ಟರಲ್ಲಿ ಆಫೀಸಿನವರು ಬರಲು ಶುರುವಾಯಿತು. ನಿನ್ನೆಯ ಕಸದ ಬುಟ್ಟಿಗಳು ಹಾಗೇ ಇದ್ದವು. ಕಕ್ಕಸು ತೊಳೆದಿರಲಿಲ್ಲ. ಮೂಗು ಯಾವ ಭಾಷೆಯೂ ಕಲಿಯಬೇಕಾಗಿಲ್ಲ, ಎಲ್ಲರಿಗೂ ಬೇಗ ತಿಳಿಯಿತು.

ಕೊನೆಗೆ ಒಂದು ಚೀಟಿ ಬಂತು. ಗೇಟಿನವನು ಓದಿ ಹೇಳಿದ. “ಪರೀಕ್ಷೆಯು ಮುಂದೂಡಲ್ಪಟ್ಟಿದೆ. ಸಿಬ್ಬಂದಿಯವರು ಎಂದಿನಂತೆ ಕೆಲಸಕ್ಕೆ ಹಾಜರಾಗತಕ್ಕದ್ದು.”

“ಯಾರು ಮುಂದೂಡಿದ್ದು?” ಎಂದಳು ಗಾಜಿನಕ್ಕ.

“ಅದು ಹಾಕಿಲ್ಲ” ಎಂದ ಅವನು.

“ಎಲ್ರೂ ಅಂತಾನಾ? ಇವರೂ?” ಎಂದು ನಾನು ಅತ್ತೆಯನ್ನು ತೋರಿಸಿದೆ. ಅವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಸಿಬ್ಬಂದಿಯವರು ಅಂದ್ರೆ ಎಲ್ರೂ ಬಂತಲ್ಲ” ಎಂದು ಗೇಟು ತೆಗೆದ. ಅತ್ತೆ ಮೊದಲು ಒಳಗೆ ಹೋದರು.

ಕ್ಲಾಸು ಇಲ್ಲ ಎಂದು ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಮೇಷ್ಟ್ರು ಬಂದರು. ಕೈಯಲ್ಲಿ ಲೋಟ ಇರಲಿಲ್ಲ. ಕೊರಳಲ್ಲಿ ಟೈಯೂ ಇರಲಿಲ್ಲ. ಒಗೆದು ಒಣಗಲು ಹಾಕಿದ್ದೀನಿ ಎಂದರು, ನಾವು ಕೇಳದಿದ್ದರೂ. ಕಾಫಿಯ ಕಲೆಗೆ ಏನು ಹಚ್ಚಬೇಕೆಂದು ಗಾಜಿನಕ್ಕ ಹೇಳಿದಳು. ಮೇಷ್ಟ್ರು ತಲೆಯಾಡಿಸಿದರು. ಪುಸ್ತಕ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು.

“ಇವತ್ತು ಏನು ಕಲಿಸ್ಲಿ? ನೀವೇ ಹೇಳಿ” ಎಂದರು.

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಅತ್ತೆ ಗೋಡೆಗೆ ಕೈ ಊರಿ ಎದ್ದು ನಿಂತರು. ಈ ಸಲ ನಾನು ಕೈ ಕೊಟ್ಟೆ, ಅವರು ಬೈಯಲಿಲ್ಲ.

“ನಿಂತ್ಕೊಂಡು ಹೇಳೋವಂಥದ್ದು ಏನಾದ್ರೂ ಇದ್ರೆ ಕಲಿಸಪ್ಪ” ಎಂದರು.

ಮೇಷ್ಟ್ರು ಪುಟ ತಿರುವಿದರು. ಇನ್ನೊಂದು ಪುಟ ತಿರುವಿದರು. ಮೊದಲಿನಿಂದ ನೋಡಿದರು, ಕೊನೆಯಿಂದ ನೋಡಿದರು.

“ನಿಧಾನಕ್ಕೆ ಹುಡುಕಿ ಮೇಷ್ಟ್ರೇ” ಎಂದೆ ನಾನು. ನಾವು ಕಾಲು ಚಾಚಿ ಕೂತು ಊಟದ ಡಬ್ಬಿ ಬಿಚ್ಚಿದೆವು.